ಕಲ್ಲಕ್ಕನ ಮುಖ

ಅವನು ತನ್ನನ್ನು ಸೋಲಿಸಿದನಲ್ಲ ಅಂತ ಅವಳಿಗೆ ಹೊಟ್ಟೆ ಉರಿಯಲಿಲ್ಲ. ಸೋಲಿಸಿದ ಮೇಲೆ ನಕ್ಕ, ಅದಕ್ಕೆ ಉರಿಯಿತು. ಗೆದ್ದವನ ನಗೆಯಾಗಿದ್ದರೆ ನುಂಗಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಪೋಕರ್ ಆಡಿಯೇ ಹೊಟ್ಟೆ ಹೊರೆದವಳಿಗೆ ಅಂಥ ನಗೆಗಳು ಎಷ್ಟೋ ಬಂದು ಹೋಗಿದ್ದವು. ಇದು ಬೇರೆ ಥರದ್ದು. ಮನೆಯೆಲ್ಲ ಕನ್ನಡಕ ಹುಡುಕುತ್ತಿರುವ ಹಿರಿಯರಿಗೆ ಅದು ಹಣೆಯ ಮೇಲೇ ಇದೆ ಎಂದು ಗೊತ್ತಿದ್ದೂ ಹೇಳದೆ ಮಕ್ಕಳು ನಗುತ್ತಾರಲ್ಲ, ಅಂಥ ನಗೆ.

"ಕೊನೆಗೂ ಸಿಕ್ಕಿಬಿಡ್ತು ಅಕ್ಕಾ," ಅಂದ, ಇಸ್ಪೀಟ್ ಎಲೆಗಳನ್ನು ಮೇಜಿನ ಮೇಲಿಡುತ್ತ.

"ಏನು ಸಿಕ್ತು?"

"ನಿಮ್ಮ ಸುಳಿವು."

ಅವಳ ಬೆರಳ ಸಂದಿಯಲ್ಲಿದ್ದ ಪಣದ ಬಿಲ್ಲೆ ಅಲುಗಲಿಲ್ಲ.

ಪೋಕರಿನಲ್ಲಿ ಎಲೆ ಎಲ್ಲರಿಗೂ ಬರುತ್ತದೆ. ಒಳ್ಳೆಯದೂ ಬರುತ್ತದೆ, ಕೆಟ್ಟದ್ದೂ ಬರುತ್ತದೆ. ಅನ್ನ ಹಾಕುವುದು ಎಲೆಯಲ್ಲ, ಮುಖ. ಕೈಯಲ್ಲಿ ಏನೂ ಇಲ್ಲದಾಗ ಎಲ್ಲ ಇದೆ ಎಂದು ನಂಬಿಸಬೇಕು. ಹಾಗೆ ಸುಳ್ಳಾಡುವಾಗ ಯಾರದ್ದೇ ಮೈಯಾದರೂ ಎಲ್ಲೋ ಒಂದು ಕಡೆ ಬಾಯಿ ಬಿಡುತ್ತದೆ. ಒಬ್ಬ ಉಗುಳು ನುಂಗುತ್ತಾನೆ, ಒಬ್ಬನ ಹುಬ್ಬು ಏಳುತ್ತದೆ, ಇನ್ನೊಬ್ಬ ಅಲ್ಲಿಯ ತನಕ ಕುಣಿಸುತ್ತಿದ್ದ ಕಾಲನ್ನು ತಟ್ಟನೆ ನಿಲ್ಲಿಸುತ್ತಾನೆ. ಆಟಗಾರರು ಸುಳಿವು ಅನ್ನುವುದು ಅದನ್ನೇ. ಅವಳ ಸುಳಿವನ್ನು ಕಂಡವರು ಹುಟ್ಟಿರಲಿಲ್ಲ. ಕ್ಲಬ್ಬಿನಲ್ಲಿ ಕಲ್ಲಕ್ಕ ಎಂದು ಹೆಸರಿಟ್ಟು ಎದುರಿಗೇ ಕರೆಯುತ್ತಿದ್ದರು. ಅವಳೂ ಅದು ತಂದೆತಾಯಿ ಇಟ್ಟ ಹೆಸರೇ ಅನ್ನುವ ಹಾಗೆ ಓಗೊಡುತ್ತಿದ್ದಳು.

ಈಗ ಅದು ಸಿಕ್ಕಿತು ಅಂದವನು ಒಡಹುಟ್ಟಿದ ತಂಗಿಯ ಗಂಡ. ಅವನಿಗೆ ಎಲೆ ಹಿಡಿಯುವುದನ್ನು ಕಲಿಸಿದ್ದೇ ಅವಳು. ಹೇಗೆ ಉಸಿರಾಡಬೇಕು, ಎಲ್ಲಿ ನೋಡಬೇಕು, ಸೋತಾಗ ಎಷ್ಟು ಹೊತ್ತು ಬಿಟ್ಟು ಎದ್ದು ಹೋಗಬೇಕು, ಎಲ್ಲವನ್ನೂ. ಚೆನ್ನಾಗಿಯೇ ಕಲಿತ. ಕಲಿತು ಆಡಿ ಆಡಿ ಒಂದು ದಿನ ಬಸವಳಿದು ಕೂತ. ಊಟ ಸೇರದು, ನಿದ್ದೆ ಹತ್ತದು. ಹೆಂಡತಿ "ಉಪ್ಪು ಕೊಡಿ" ಅಂದರೆ ಇವಳು ಏನನ್ನು ಮುಚ್ಚಿಡುತ್ತಿದ್ದಾಳೆ ಎಂದು ಅವಳ ಕಣ್ಣನ್ನೇ ಅಳೆಯುತ್ತ ಉಪ್ಪಿನ ಡಬ್ಬಿಯನ್ನು ಕೈಯಲ್ಲೇ ಹಿಡಿದು ಕೂರುತ್ತಿದ್ದ. ಡಾಕ್ಟರು ಮಾತ್ರೆ ಬರೆಯಲಿಲ್ಲ. "ಯಾರೂ ಸೋಲಬೇಕಾಗಿಲ್ಲದ ಕೆಲಸ ಒಂದನ್ನ ಕೈಗೆ ಹಚ್ಚಿಕೊಳ್ಳಿ," ಅಂದರಂತೆ.

ಅವನು ಚಿತ್ರ ಬರೆಯುವುದನ್ನು ಹಚ್ಚಿಕೊಂಡ. ಮೊದಮೊದಲು ಅವನು ಬರೆದ ಕಾಫಿ ಲೋಟ ಬಕೆಟ್ಟಿನ ಹಾಗಿರುತ್ತಿತ್ತು. "ಇದರಲ್ಲಿ ಸ್ನಾನ ಮಾಡ್ತಾರೋ, ಕುಡೀತಾರೋ?" ಎಂದು ಕಲ್ಲಕ್ಕ ಕೇಳಿದರೆ ಅವನಿಗೇ ನಗು. ಆಮೇಲೆ ಕೈ ಕುದುರಿತು. ಹೆಂಡತಿಯನ್ನು ಬರೆದ, ಮನೆ ಮಾಲೀಕನನ್ನು ಬರೆದ, ಇವಳನ್ನು ಸಾಲುಸಾಲಾಗಿ ಬರೆದ. ಮುಖಕ್ಕೆ ರಕ್ತ ಬಂತು, ಮಾತು ಜಾಸ್ತಿಯಾಯಿತು, ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ ಮಾತಾಡಿಸತೊಡಗಿದ. ಆಡುವವನು ಹೀಗೆಲ್ಲ ಸಡಿಲವಾದರೆ ಕೆಟ್ಟ ಎಂದೇ ಅವಳು ತಿಳಿದಿದ್ದಳು. ಆದರೆ ಸಡಿಲವಾದವನೇ ಬಂದು ಅವಳನ್ನು ಸೋಲಿಸಿದ. ಒಮ್ಮೆ ಅಲ್ಲ, ಕೂತಾಗಲೆಲ್ಲ. ಅವಳು ಸುಳ್ಳಾಡಿದಾಗ ಪಣ ಕಟ್ಟಿ ಅವಳ ಎಲೆ ತಿರುವಿ ತೋರಿಸಲು ಹೇಳುತ್ತಿದ್ದ, ನಿಜ ಇದ್ದಾಗ ತನ್ನ ಎಲೆ ಮಡಚಿಟ್ಟು ಸುಮ್ಮನಾಗುತ್ತಿದ್ದ.

"ಎಲ್ಲಿದೆ ಅಂತ ಹೇಳಿಬಿಡು ಮಾರಾಯ," ಅಂದಳು ಕೊನೆಗೆ. ಅವಳ ಬಾಯಲ್ಲಿ ಬೇಡಿಕೆಯಂಥದ್ದು ಬಂದದ್ದು ಅದೇ ಮೊದಲು.

"ಹೇಳಿದ್ರೆ ನೀವು ಅದನ್ನೂ ಮುಚ್ಚಿಬಿಡ್ತೀರಿ ಅಕ್ಕಾ. ನಿಮ್ಮ ಮುಖದಲ್ಲಿ ಜೀವ ಇರೋ ಜಾಗ ಅದೊಂದೇ. ನೀವೂ ಒಂದು ಪೆನ್ಸಿಲ್ ಹಿಡೀರಿ. ಕನ್ನಡಿ ಮುಂದೆ ಕೂತು ನಿಮ್ಮನ್ನ ನೀವೇ ಬರೀರಿ. ತಾನಾಗೇ ಕಾಣುತ್ತೆ."

ಪ್ರೀತಿಯಿಂದಲೇ ಅಂದಿರಬಹುದು. ಅವಳಿಗೆ ಕೇಳಿಸಿದ್ದು ಬೆದರಿಕೆ.

ಅವಳೂ ಬಸವಳಿದಿದ್ದಳು, ಅದು ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಕೈ ಸಣ್ಣಗೆ ನಡುಗುತ್ತಿತ್ತು, ಕಣ್ಣು ಮುಚ್ಚಿದರೆ ಎಲೆಗಳು ಉದುರುತ್ತಿದ್ದವು. ಆದರೂ ಕ್ಲಬ್ಬಿನ ಬಾಗಿಲು ದಾಟಿದರೆ ಕಲ್ಲಾಗಬಲ್ಲೆ ಅನ್ನುವ ಒಂದು ಧೈರ್ಯದ ಮೇಲೆ ಅವಳ ಬದುಕು ನಿಂತಿತ್ತು. ಮುಂದಿನ ತಿಂಗಳು ದೊಡ್ಡ ಪಂದ್ಯ. ಊರೂರಿನ ಆಟಗಾರರ ನಡುವೆ ತಂಗಿಯ ಗಂಡ ಅದೇ ಮೇಜಿಗೆ ಕೂತು ಅವಳ ಮುಖವನ್ನು ತೆರೆದಿಟ್ಟ ಪುಸ್ತಕದ ಹಾಗೆ ಓದಿದರೆ, ನೋಡಿದವರೆಲ್ಲ ಓದಲು ಕಲಿಯುತ್ತಾರೆ. ಅಲ್ಲಿಗೆ ಕಲ್ಲಕ್ಕ ಸತ್ತ ಹಾಗೆ. ಉಳಿಯುವುದು ಕೈ ನಡುಗುವ ಒಬ್ಬ ಒಂಟಿ ಹೆಂಗಸು.

ಕನ್ನಡಿಯ ಮುಂದೆ ಕೂತು ನೋಡಿದಳು. "ನನ್ನ ಹತ್ರ ರಾಜ ಇದ್ದಾನೆ," ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಕ್ಲಬ್ಬಿಗೆ ಹೋಗಿ ಹಳೆಯ ಹುಲಿಗಳ ನಡುವೆ ಕೂತು ಬೇಕೆಂದೇ ಆಟಆಟಕ್ಕೂ ಸುಳ್ಳಾಡಿದಳು. ಒಬ್ಬನಿಗೂ ವಾಸನೆ ಹತ್ತಲಿಲ್ಲ. ಅಂದರೆ ಅವನು ಯಾರಿಗೂ ಬಾಯಿ ಬಿಟ್ಟಿಲ್ಲ. ಬಿಡುವುದೂ ಇಲ್ಲ. ಇನ್ನೊಬ್ಬರ ಸುಳಿವು ಸಿಕ್ಕಿದ ಆಟಗಾರ ಅದನ್ನು ಹಂಚಿಕೊಂಡದ್ದು ಉಂಟೆ? ಹಂಚಿದರೆ ಅದರ ಬೆಲೆ ಹೋಯಿತು. ಆ ಗುಟ್ಟು ಲೋಕದಲ್ಲಿ ಒಂದೇ ಒಂದು ತಲೆಯಲ್ಲಿತ್ತು.

ಆ ತಲೆ ಇಲ್ಲವಾಗಬೇಕು. ಹಾಗೆಂದು ಅವಳು ಸಿಟ್ಟಿನಿಂದ ಯೋಚಿಸಲಿಲ್ಲ. ಕೈಯಲ್ಲಿರುವ ಎಲೆಗೆ ಯಾವ ಆಟ ಸರಿ ಎಂದು ನೋಡುವವಳ ಹಾಗೆ ಯೋಚಿಸಿದಳು.

ಅವರಿದ್ದದ್ದು ಮೂರಂತಸ್ತಿನ ಹಳೆಯ ಕಟ್ಟಡ. ನಡುವಿನ ಅಂತಸ್ತಿನಲ್ಲಿ ಅವಳು, ಮೇಲೆ ತಂಗಿ ಮತ್ತು ಗಂಡ. ಕಟ್ಟಡದ ಕಬ್ಬಿಣಕ್ಕೆಲ್ಲ ತುಕ್ಕು. ಹೋದ ವರ್ಷ ಪಕ್ಕದ ಬಾಲ್ಕನಿಯ ಕಂಬಿ ಅರ್ಧ ಕಿತ್ತು ಜೋತಾಡಿದಾಗ ಮಾಲೀಕ ಅದನ್ನು ತಂತಿಯಿಂದ ಬಿಗಿದು ಮೇಲೆ ಬಣ್ಣ ಬಳಿದು ಕೈ ತೊಳೆದುಕೊಂಡಿದ್ದ. ತಂಗಿಯ ಗಂಡ ಸಂಜೆಯಾದರೆ ಮೇಲಿನ ಬಾಲ್ಕನಿಯಲ್ಲಿ ನಿಂತು ಕೆಳಗಿನ ಗಲ್ಲಿಯನ್ನು ಬರೆಯುತ್ತಿದ್ದ. ಒಂದು ಕೈಯಲ್ಲಿ ಹಲಗೆ, ಒಂದು ಕೈಯಲ್ಲಿ ಪೆನ್ಸಿಲ್, ಹೊಟ್ಟೆ ಕಂಬಿಯ ಮೇಲೆ, ತಲೆ ಹೊರಗೆ. ಬೀಳುವಾಗ ಹಿಡಿದುಕೊಳ್ಳಲು ಎರಡು ಕೈಯಲ್ಲಿ ಒಂದಕ್ಕೂ ಬಿಡುವಿಲ್ಲದ ಮನುಷ್ಯ. ತಂಗಿ ಆ ಕಡೆ ಹಾಯುವವಳೇ ಅಲ್ಲ. ಅವಳ ಬಟ್ಟೆಬರೆ ಒಣಗುವುದೆಲ್ಲ ತಾರಸಿಯ ಮೇಲೆ.

ಗುಜರಿಯಿಂದ ತುಕ್ಕು ತಿಂದ ಮುರುಕು ಬೋಲ್ಟುಗಳನ್ನು ತಂದಳು. ಕಂಬಿಯನ್ನು ಗೋಡೆಗೆ ಹಿಡಿದಿರುವ ಬೋಲ್ಟುಗಳ ಜಾಗದಲ್ಲಿ ಇವು ಕೂರಬೇಕು. ನೋಡಿದರೆ ಗಟ್ಟಿ, ಒರಗಿದರೆ ಪೊಳ್ಳು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹಾಸಿಕೊಂಡು, ಬೋಲ್ಟಿನ ತಲೆಗೂ ಮುರಿದ ತುಂಡಿಗೂ ಕಿಟಕಿ ಗಾಜಿಗೆ ಮೆತ್ತುವ ಲಪ್ಪ ಹಚ್ಚಿ ಜೋಡಿಸಿ, ತುಕ್ಕಿನ ಪುಡಿಯನ್ನು ಕಲೆಸಿ, ಸಣ್ಣ ಬ್ರಷ್ಷಿನಿಂದ ಬಳಿದಳು. ಮೊದಲನೆಯದು ಕೆಂಪಾಯಿತು. ಒರೆಸಿ ಮತ್ತೆ ಬಳಿದಳು. ತುಕ್ಕಿಗೆ ಒಂದೇ ಬಣ್ಣ ಅಂತ ಅಂದುಕೊಂಡಿದ್ದಳು. ಹತ್ತಿರದಿಂದ ನೋಡಿದರೆ ಅಂಚಿನಲ್ಲಿ ಅರಿಶಿನ, ನಡುವೆ ಕಾಫಿ, ಒಳಗೆ ಕಪ್ಪು. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಬ್ರಷ್ಷು ಹಿಡಿದು ಕೂತಾಗ ಗಮನಿಸಿದಳು: ಕೈ ನಡುಗುತ್ತಿಲ್ಲ. ಹೋದ ವಾರದಿಂದ ನಿದ್ದೆಯೂ ಬರುತ್ತಿದೆ, ಊಟವೂ ಸೇರುತ್ತಿದೆ. ಆ ಡಾಕ್ಟರು ಹೇಳಿದ್ದು ಸುಳ್ಳಲ್ಲ ಅನ್ನಿಸಿ ಅವಳಿಗೆ ನಗು ಬಂತು.

ಗಂಡಹೆಂಡತಿ ಮನೆಯಲ್ಲಿಲ್ಲದಾಗ ತಂಗಿ ಕೊಟ್ಟಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು, ಹಳೆಯ ಬೋಲ್ಟುಗಳಿಗೆ ಮೊದಲೇ ಎಣ್ಣೆ ಬಿಟ್ಟು ಬಂದಿದ್ದಳು. ಆಮೇಲೊಂದು ದಿನ ಬೆಳಿಗ್ಗೆ ಅವರಿಬ್ಬರೂ ಚಿತ್ರಪ್ರದರ್ಶನ ನೋಡಲು ಹೋದಾಗ ಸ್ಪ್ಯಾನರ್ ಹಿಡಿದು ಹತ್ತಿದಳು. ಬೋಲ್ಟುಗಳು ಬೆಣ್ಣೆಯ ಹಾಗೆ ಬಿಚ್ಚಿಕೊಂಡವು. ತನ್ನ ಕೈಕೆಲಸವನ್ನು ಆ ಜಾಗದಲ್ಲಿ ಕೂರಿಸಿ, ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿದಳು. ಚೆನ್ನಾಗಿತ್ತು. ಯಾರಿಗೂ ತೋರಿಸುವ ಹಾಗಿಲ್ಲವಲ್ಲ ಅನ್ನಿಸಿತು.

ಒಂದೇ ಕೊರತೆ. ತೂತಿನೊಳಗೆ ಎಣ್ಣೆಯ ಪಸೆ ಉಳಿದಿತ್ತು. ಯಾರಾದರೂ ಬೆರಳು ಹಾಕಿದರೆ ಕಥೆ ಮುಗಿಯಿತು. ಆದರೆ ತುಕ್ಕು ತಿಂದ ಕಟ್ಟಡದಲ್ಲಿ ತುಕ್ಕು ತಿಂದ ಕಂಬಿ ಬಿದ್ದರೆ ತೂತಿಗೆ ಬೆರಳು ಹಾಕುವವರು ಯಾರು? ಮಡಚಿಟ್ಟ ಎಲೆಯನ್ನು ತಿರುವಿ ನೋಡು ಎಂದು ಯಾರೂ ಕೇಳುವುದಿಲ್ಲ. ಅನುಮಾನ ಹುಟ್ಟಬಾರದು, ಅಷ್ಟೇ. ಅನುಮಾನ ಹುಟ್ಟದ ಹಾಗೆ ನೋಡಿಕೊಳ್ಳುವುದು ಅವಳ ಕಸುಬು.

ಮಧ್ಯಾಹ್ನ ಕ್ಲಬ್ಬಿಗೆ ಹೋಗಿ ಎಲ್ಲರ ಕಣ್ಣೆದುರು ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಆಟದ ನಡುವೆ ಬಿಡುವು ಕೊಟ್ಟರು. ಫೋನು ತೆಗೆದದ್ದೇ ತಡ, ತಂಗಿ.

"ಅಕ್ಕಾ, ತಾರಸಿಗೆ ಬೀಗ ಹಾಕಿಬಿಟ್ಟಿದ್ದಾರೆ, ಟ್ಯಾಂಕ್ ತೊಳೀತಾರಂತೆ. ನನ್ನ ಜಮಖಾನ ಇನ್ನೂ ಒದ್ದೆ. ಇವರೋ, ಪೆನ್ಸಿಲ್ ತರ್ತೀನಿ ಅಂತ ಹೋದೋರು ಅಂಗಡೀಲೇ ಮನೆ ಮಾಡಿದ್ದಾರೆ. ಬಾಲ್ಕನಿ ಕಂಬಿ ಮೇಲೇ ಎಳೆದುಹಾಕೋಣ ಅಂತ ಹೊರಟೆ, ಕೊಳೆ ಆಗುತ್ತಾ?"

ಕೊಳೆಯಾಗುತ್ತದೆ ಅಂದರೆ ಒರೆಸಲು ಹೋಗುತ್ತಾಳೆ. ಬೇಡ ಅಂದರೆ ಯಾಕೆ ಅನ್ನುತ್ತಾಳೆ. ಒದ್ದೆ ಜಮಖಾನದ ಭಾರಕ್ಕೆ ಮೊದಲು ಕಂಬಿ, ಅದರ ಹಿಂದೆ ತಂಗಿ.

"ಅದಿರಲಿ, ನಾನು ಒಲೆ ಆರಿಸಿದ್ನೋ ಇಲ್ವೋ ಅಂತ ಆಗಿಂದ ಜೀವ ಹೊಡ್ಕೋತಿದೆ. ಹಾಲಿಟ್ಟಿದ್ದೆ. ನಿಂತ ಕಾಲಲ್ಲೇ ಹೋಗಿ ನೋಡು."

"ಅಯ್ಯೋ, ಮೊದಲೇ ಹೇಳಬಾರದಾ? ಓಡ್ದೆ!" ಧಡಧಡ ಮೆಟ್ಟಿಲಿಳಿಯುವ ಸದ್ದು ಫೋನಿನಲ್ಲೇ ಕೇಳಿಸಿತು. ತಂಗಿಯ ಬಳಿ ಇದ್ದ ಇನ್ನೊಂದು ಕೀಲಿಯಿಂದ ಬೀಗ ತೆಗೆದ ಸದ್ದು. ಆಮೇಲೆ ಏದುಸಿರು. "ಒಲೆ ಆರಿದೆ ಕಣಕ್ಕಾ. ಹಾಲೂ ಇಲ್ಲ, ಏನೂ ಇಲ್ಲ. ನಿಂಗೆ ವಯಸ್ಸಾಯ್ತು ನೋಡು!"

"ಹೌದು ಕಣೇ, ಆಯ್ತು. ಬಂದವಳು ಗಿಡಗಳಿಗೂ ಒಂದಿಷ್ಟು ನೀರು ಹಾಕಿಬಿಡು."

"ಬಿಟ್ಟಿ ಆಳು ಸಿಕ್ಕಿದೀನಲ್ಲ, ಮಾಡಿಸ್ಕೋ. ಹಾಂ, ಇವರೂ ಬಂದ್ರು, ಮೆಟ್ಟಿಲು ಹತ್ತುತ್ತಿದ್ದಾರೆ. ಏನೂಂದ್ರೇ, ಆ ಜಮಖಾನ ನೀವೇ ಹಾಕಿಬಿಡಿ!"

ಅವಳು ಫೋನು ಆರಿಸಿ ಮೇಜಿಗೆ ಮರಳಿದಳು. ಕೈಗೆ ಬಂದ ಎಲೆಗಳನ್ನು ಒಮ್ಮೆ ನೋಡಿ ಮುಚ್ಚಿಟ್ಟಳು. ಅವು ಯಾವುವು ಎಂಬುದು ಆಮೇಲೆ ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ.

ಮನೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನನ್ನು ಒಯ್ದಾಗಿತ್ತು. ಗಲ್ಲಿಯಲ್ಲಿ ಬಾಗಿದ ಕಂಬಿಯೂ ಒದ್ದೆ ಜಮಖಾನವೂ ಬಿದ್ದಿದ್ದವು. ಇನ್ಸ್‌ಪೆಕ್ಟರ್ ಮೇಲೆ ಬಂದು ಬಾಲ್ಕನಿಯ ಅಂಚನ್ನು ದೂರದಿಂದಲೇ ನೋಡಿದರು, ಕಾಲಿನಿಂದ ತುಕ್ಕಿನ ಚೂರೊಂದನ್ನು ಸರಿಸಿದರು, ಮಾಲೀಕನ ಕಡೆ ತಿರುಗಿದರು. "ಬಾಡಿಗೆ ತಗೊಳ್ಳೋಕೆ ಮಾತ್ರ ಕೈ ನೆಟ್ಟಗಿದೆ, ಅಲ್ವೇನ್ರೀ? ಒಂದು ಬೋಲ್ಟು ಹಾಕಿಸೋಕೆ ಏನಾಗಿತ್ತು?" ಮಾಲೀಕ ಅಳುತ್ತಲೇ ಕೈ ಮುಗಿಯುತ್ತಿದ್ದ. ಅವಳು ಅದೆಲ್ಲವನ್ನೂ ಮನಸ್ಸಿನಲ್ಲಿ ಆಡಿ ನೋಡಿದ್ದಳು. ಒಂದು ಮಾತೂ ಆಚೀಚೆ ಆಗಲಿಲ್ಲ. ಒಲೆಯ ಬಗ್ಗೆ ಕೇಳಿದರೆ ಹೇಳಲು ಉತ್ತರವನ್ನೂ ಕಟ್ಟಿಕೊಂಡಿದ್ದಳು. ಯಾರೂ ಕೇಳಲಿಲ್ಲ. ತಂಗಿ ಮಾತ್ರ ಸೋಫಾದ ಮೇಲೆ ಅವಳ ಭುಜಕ್ಕೆ ಮುಖ ಒತ್ತಿ, "ನೀನು ಕೆಳಗೆ ಕಳಿಸದೇ ಇದ್ದಿದ್ರೆ ನಾನೇ ಹೋಗ್ತಿದ್ದೆ ಅಕ್ಕಾ, ಅವರು ಉಳೀತಿದ್ರು," ಎಂದು ಬಿಕ್ಕುತ್ತಿದ್ದಳು. ಅವಳು ಆ ತಲೆಯನ್ನು ಸವರಿದಳು. ಆ ಸವರುವಿಕೆಯಲ್ಲಿ ಸುಳ್ಳಿರಲಿಲ್ಲ.

"ಅಪಘಾತ ಅಂತ ಬರ್ಕೋತೀವಮ್ಮ. ಧೈರ್ಯ ತಗೊಳ್ಳಿ," ಅಂದು ಇನ್ಸ್‌ಪೆಕ್ಟರ್ ಮೆಟ್ಟಿಲಿಳಿಯತೊಡಗಿದರು. ತಂಗಿ ತಲೆ ಎತ್ತಿದಳು. "ಅಕ್ಕಾ, ಇದು ತಾನಾಗೇ ಆಯ್ತು, ಯಾರ ಕೈವಾಡಾನೂ ಇಲ್ಲ ಅಂತ ನೀನೊಂದ್ಸಲ ಹೇಳು. ನಿನ್ನ ಬಾಯಲ್ಲಿ ಕೇಳಿದ್ರೆ ನಂಗೆ ಸಮಾಧಾನ." ಅನುಮಾನವಿಲ್ಲದ ಕೋರಿಕೆ, ಸತ್ತವರ ಮನೆಯಲ್ಲಿ ಎಲ್ಲರೂ ಕೇಳುವಂಥದ್ದು. "ತಾನಾಗೇ ಆಯ್ತು ಕಣೇ. ಯಾರ ಕೈವಾಡಾನೂ ಇಲ್ಲ," ಅಂದಳು ಕಲ್ಲಕ್ಕ. ಧ್ವನಿ ನಡುಗಲಿಲ್ಲ, ರೆಪ್ಪೆ ಬಡಿಯಲಿಲ್ಲ. ಜೀವಮಾನದಲ್ಲಿ ಇಷ್ಟು ನುಣುಪಾಗಿ ಅವಳು ಸುಳ್ಳಾಡಿರಲಿಲ್ಲ. ಆದರೆ ಪಕ್ಕದಲ್ಲಿ ಕೂತ ತಂಗಿ ಅವಳ ಕಣ್ಣನ್ನು ನೋಡುತ್ತಿರಲಿಲ್ಲ. ಅಳು ಹಾಗೇ ನಿಂತುಹೋಗಿತ್ತು. ತಣ್ಣಗಿನ ಒಂದು ಬೆರಳು ಮೇಲೆ ಬಂದು ಅವಳ ಕಿವಿಯ ಕೆಳಗೆ, ದವಡೆ ತಿರುಗುವ ಕಡೆ, ಎದುರಿನ ಕನ್ನಡಿಗೆ ಎಂದೂ ಕಾಣದ ಜಾಗದಲ್ಲಿ ನಿಂತಿತು. "ಇಲ್ಲೇ ಅಕ್ಕಾ. ಗೊತ್ತಾದ ದಿನವೇ ಬಂದು ನಂಗೆ ಹೇಳಿದ್ರು. 'ನಿಮ್ಮಕ್ಕ ಸುಳ್ಳು ಹೇಳೋವಾಗ ಇಲ್ಲೊಂದು ಪುಟ್ಟ ಗುಳಿ ಬೀಳುತ್ತೆ ಕಣೇ, ಪಕ್ಕದಿಂದ ನೋಡು, ಆಗ ಎಷ್ಟು ಚೆಂದ ಕಾಣ್ತಾರೆ' ಅಂತ." ಆಟಗಾರನಾಗಿದ್ದರೆ ಅವನು ಕಟ್ಟಿಕೊಂಡ ಹೆಂಡತಿಗೂ ಹೇಳುತ್ತಿರಲಿಲ್ಲ, ಅವನು ಆಟಗಾರನಾಗಿ ಉಳಿದೇ ಇರಲಿಲ್ಲ ಅನ್ನುವುದೊಂದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಬೆರಳು ಸರಿಯಿತು. ತಂಗಿ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲ ತನಕ ಹೋಗಿ, ಕೆಳಗೆ ಬಗ್ಗಿ ಕೂಗಿದಳು: "ಸಾರ್, ಹೋಗಬೇಡಿ. ಆ ಕಂಬಿ ಕಿತ್ತುಬಂದ ಜಾಗಾನ ಮುಟ್ಟಿ ನೋಡಿ." ಇಳಿಯುತ್ತಿದ್ದ ಬೂಟಿನ ಸದ್ದು ನಿಂತಿತು. ಆಮೇಲೆ ಒಂದೊಂದೇ ಮೆಟ್ಟಿಲಾಗಿ ಮೇಲಕ್ಕೆ ಬರತೊಡಗಿತು.