ಬೆಳಗಾದರೆ ಪ್ಲೇಯರ್ ಇಲ್ಲ

ಭಾನುವಾರ ಬೆಳಿಗ್ಗೆ ನಾನು ಎರಡನೆಯ ಲೋಟ ಕಾಫಿಗೆ ಕೈ ಚಾಚಿದ್ದೆ. ಅಷ್ಟರಲ್ಲಿ ಕೆಳಮನೆಯ ನೀಲಗಂಗಮ್ಮ ಟವೆಲಿನಲ್ಲಿ ಸುತ್ತಿದ ನೆಟ್‌ಬುಕ್ಕನ್ನು ಎದೆಗವಚಿಕೊಂಡು ಮೆಟ್ಟಿಲೇರಿ ಬಂದರು.

"ಸಾವಿತ್ರಕ್ಕಾರ, ನಮ್ಮ ಮನ್ಯಾಗ ಕಳುವು ಆಗೇತ್ರಿ. ಮಾಡಿದಾಕಿ ನನ್ನ ಸೊಸಿನ."

ನನಗೆ ಸಿಟ್ಟು ಬಂತು. ಕಾಫಿ ಆರುತ್ತದಲ್ಲ ಎಂದು ಅರ್ಧ, ವಾಣಿಶ್ರೀಯ ಮೇಲೆ ಅಪವಾದ ಹೊರಿಸಿದರಲ್ಲ ಎಂದು ಇನ್ನರ್ಧ. ಏಳು ತಿಂಗಳ ಬಸುರಿ ಹುಡುಗಿ ಅದು. ಮಹಾಲ್ ಬಡಾವಣೆಯ ಈ ಹಳೆಯ ವಾಡೆಯಲ್ಲಿ ನನ್ನ ಮುಖ ಕಂಡರೆ ನಗುವವಳು ಅವಳೊಬ್ಬಳೇ.

ನನ್ನ ಹೆಂಡತಿ ಸಾವಿತ್ರಮ್ಮ ಟೆಲಿಫೋನ್ ಇಲಾಖೆಯ ದೂರು ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ಕಳೆದುಹೋದ ಗ್ಯಾಸ್ ಪುಸ್ತಕದಿಂದ ಹಿಡಿದು ಮುನಿಸಿಕೊಂಡು ಹೋದ ಗಂಡನವರೆಗೆ ವಾಡೆಯ ಎಲ್ಲ ಪ್ರಕರಣಗಳೂ ಅವಳಲ್ಲಿಗೇ ಬರುತ್ತಿದ್ದವು. ಅವಳ ಕನ್ನಡಕದ ಡಬ್ಬಿ ಹಿಡಿದು ಹಿಂದೆ ನಡೆಯುವುದು ವೇಣುಗೋಪಾಲನೆಂಬ ನನ್ನ ಉದ್ಯೋಗ.

"ಕೂತ್ಕೊಳ್ಳಿ. ಮೊದಲಿಂದ ಹೇಳಿ," ಎಂದಳು.

ಅಂದು ನಾಲ್ಕು ಗಂಟೆಗೆ ವಾಣಿಶ್ರೀಯ ಕುಬುಸ, ಅಂದರೆ ಸೀಮಂತ. ನೀಲಗಂಗಮ್ಮನ ತಾಯಿ ಎಂಟು ವರ್ಷದ ಹಿಂದೆ ಒಂದು ಕುಬುಸದ ಹಾಡು ಹೇಳಿದ್ದರು. ಹಳೆಯ ಕ್ಯಾಮೆರಾದಲ್ಲಿ ಹಿಡಿದ ಆ ವಿಡಿಯೋ ಮೆಮೊರಿ ಕಾರ್ಡಿನಲ್ಲಿತ್ತು. ತಾಯಿ ಈಗಿಲ್ಲ. ಫೋನಿನಲ್ಲಿ ಆ ಫೈಲು ತೆರೆಯುತ್ತಿರಲಿಲ್ಲ. ಲಿನಕ್ಸ್ ಹಾಕಿದ್ದ ನೆಟ್‌ಬುಕ್ಕಿನಲ್ಲೂ ಬೇರೆ ವಿಡಿಯೋ ಪ್ಲೇಯರ್ ಇನ್‌ಸ್ಟಾಲ್ ಮಾಡದಿದ್ದರೆ ಪರದೆ ಕಪ್ಪಗೇ ಇರುತ್ತಿತ್ತು.

"ಗುರುವಾರ ನನ್ನ ಮಗ ಪ್ರಸಾದ ಅಸ್ಸಾಮಿನಿಂದ ಫೋನ್‌ನ್ಯಾಗ ಹೇಳಿಕೊಟ್ಟ, ನಾನ ಹಾಕಿದೆ. ಅವ್ವನ ಮುಖ ಕಂಡು ಅತ್ತಬಿಟ್ಟೆ. ಶುಕ್ರವಾರ ಮುಂಜಾನೆ ನೋಡಿದ್ರ ಪ್ಲೇಯರ್ ಇಲ್ಲ. ಮತ್ತ ಹಾಕಿದೆ. ಶನಿವಾರನೂ ಇಲ್ಲ. ಮನ್ಯಾಗ ಕಂಪ್ಯೂಟರ್ ತಿಳಿದಾಕಿ ವಾಣಿ ಒಬ್ಬಾಕಿ. ಕೇಳಿದ್ರ ಬಾಯಿ ಬಿಡವಲ್ಲಳು."

"ನೀವು ಹೇಗೆ ಕೇಳಿದ್ರಿ?"

ನೀಲಗಂಗಮ್ಮ ಸೆರಗು ತಿರುಚಿದರು. "ನಮ್ಮವ್ವನ ಹಾಡು ನಿನಗ ಬ್ಯಾಡಾಗೇತೇನು ಅಂತ ಕೇಳಿದೆ. ನಾಳೆ ತವರಿಗೆ ಹೊಂಟಾಳ್ರಿ. ಹಡೆದ ಮ್ಯಾಲೆ ಈ ಮನಿಗೆ ಬರಂಗಿಲ್ಲ, ಬ್ಯಾರೆ ಮನಿ ಮಾಡು ಅಂತ ಗಂಡಗ ಹೇಳ್ಯಾಳಂತ."

ನನಗೆ ಕಾಫಿ ಮರೆತೇ ಹೋಯಿತು.

"ಪ್ಲೇಯರ್ ಬಿಟ್ಟು ಇನ್ನೇನು ಹೋಗಿದೆ?" ಸಾವಿತ್ರಮ್ಮ ಕೇಳಿದಳು.

"ಏನೂ ಇಲ್ರಿ. ವೈಫೈ ಪಾಸ್‌ವರ್ಡ್ ಅಷ್ಟು ದಿನಾ ಹೊಸದಾಗಿ ಕೇಳತೈತಿ. ಪರದೆ ಮ್ಯಾಲೆ ಪ್ರಸಾದನ ಫೋಟೋ ಹಾಕಿದ್ದೆ, ಅದೂ ಹೋಗಿ ಯಾವುದೋ ನೀಲಿ ಗುಡ್ಡ ಬಂದೈತಿ."

"ಮೊದಲಿಂದಲೂ ಹೀಗೇನಾ?"

"ಇಲ್ರಿ, ಚಲೋ ಇತ್ತು. ಹೋದ ತಿಂಗಳ ನಮ್ಮ ಮನಿಯವ್ರು ಸರ್ವಿಸ್ ಮಾಡಸ್ತೀನಿ ಅಂತ ಇತವಾರಿ ಪ್ಯಾಟಿಗೆ ಒಯ್ದಿದ್ರು."

ಸಾವಿತ್ರಮ್ಮ ನೆಟ್‌ಬುಕ್ಕನ್ನು ತಿರುಗಿಸಿ ನೋಡಿದಳು. ಪಕ್ಕದಲ್ಲಿ ಉಗುರಿನಷ್ಟು ದೊಡ್ಡ ಪೆನ್‌ಡ್ರೈವ್ ಸಿಕ್ಕಿಸಿತ್ತು. ನೆಟ್‌ಬುಕ್ಕಿನ ಒಂದು ಮೂಲೆಗೆ ಕಪ್ಪು ಟೇಪು ಸುತ್ತಿತ್ತು. ಪೆನ್‌ಡ್ರೈವ್ ಮುಟ್ಟಬೇಡವೆಂದು ಯಜಮಾನರ ಅಪ್ಪಣೆಯಾಗಿದೆ ಎಂದರು ನೀಲಗಂಗಮ್ಮ. ನನ್ನವಳು ಕನ್ನಡಕ ಕೇಳಿದಳು. ಅಲ್ಲಿಗೆ ಕೇಸು ಕೈಗೆತ್ತಿಕೊಂಡಳೆಂದೇ ಅರ್ಥ.

ಕೆಳಗಿಳಿದು ಹೋದರೆ ನೀಲಗಂಗಮ್ಮನ ಗಂಡ ಶಿವಪ್ಪನವರು ಬಾಗಿಲಿಗೆ ಚೆಂಡುಹೂ ಕಟ್ಟುತ್ತಿದ್ದರು. ವಾಯುಸೇನೆಯ ರಿಪೇರಿ ಶೆಡ್ಡಿನಲ್ಲಿ ದುಡಿದು ನಿವೃತ್ತರಾದವರು. ನೆಟ್‌ಬುಕ್ಕಿನ ಬ್ಯಾಟರಿ ಸತ್ತು ವರ್ಷಗಳಾಗಿದ್ದವು; ಪ್ಲಗ್ ಇಲ್ಲದೆ ಅದು ನಡೆಯುತ್ತಿರಲಿಲ್ಲ.

"ಇದನ್ನ ದಿನಾ ಬಂದ್ ಮಾಡೋರು ಯಾರು?" ಸಾವಿತ್ರಮ್ಮ ಕೇಳಿದಳು.

"ನಾನರಿ. ರಾತ್ರಿ ಎಂಟಕ್ಕ ಬರೋಬರ್ ಬಂದ್ ಮಾಡಿ, ಪ್ಲಗ್ ಕಿತ್ತು, ಮ್ಯಾಲೆ ಅರಿವಿ ಹೊಚ್ಚತೀನಿ. ಡ್ಯೂಟಿ ಮುಗಿದ ಮ್ಯಾಲೆ ಮಷೀನ್ ಹಂಗ ಬಿಡಬಾರದು. ಮೂವತ್ತು ವರ್ಷದ ರೂಢಿ."

ಸಾವಿತ್ರಮ್ಮ ಒಳಬಾಗಿಲಲ್ಲಿ ನಿಂತಿದ್ದ ವಾಣಿಶ್ರೀಯತ್ತ ತಿರುಗಿದಳು. "ನೀನು ಅಳಿಸಿದ್ಯೇನಮ್ಮಾ?"

ಹುಡುಗಿ ಮೊದಲು ಮಾವನ ಮುಖ ನೋಡಿದಳು. ಆಮೇಲೆ, "ಇಲ್ಲ ಆಂಟಿ," ಎಂದಳು. ಶಿವಪ್ಪನವರು ಕಟ್ಟಿದ್ದ ಗಂಟನ್ನೇ ಮತ್ತೆ ಕಟ್ಟತೊಡಗಿದರು.

"ಎಲ್ಲರೂ ಇಲ್ಲಿ ಬನ್ನಿ," ಎಂದಳು ನನ್ನ ಹೆಂಡತಿ.

ನಡುಮನೆಯ ಚಾಪೆಯ ಮೇಲೆ ನಾವೈವರೂ ಕೂತೆವು. ಅವಳು ವಾಣಿಶ್ರೀಯ ಕೈಯಲ್ಲೇ ಪ್ಲೇಯರ್ ಇನ್‌ಸ್ಟಾಲ್ ಮಾಡಿಸಿದಳು. ಅದರ ಚಿಹ್ನೆ ಪರದೆಯ ಮೇಲೆ ಬಂತು. ನಂತರ ಶಿವಪ್ಪನವರಿಂದ ಯಂತ್ರ ಬಂದ್ ಮಾಡಿಸಿ, ಮತ್ತೆ ಶುರು ಮಾಡಿಸಿದಳು. ನೀಲಿ ಗುಡ್ಡ ಬಂತು. ಪ್ಲೇಯರ್ ಇರಲಿಲ್ಲ.

"ಐದು ಜನರ ಕಣ್ಣೆದುರಿಗೇ ಹೋಯ್ತು. ಈಗ ಯಾರು ಕದ್ರು, ನೀಲಗಂಗಮ್ನೋರೇ? ಹಾಡಿನ ಮೇಲೆ ಹೊಟ್ಟೆಕಿಚ್ಚಿರೋ ಕಳ್ಳಿ ಪ್ಲೇಯರ್ ಅಳಿಸಬಹುದು, ಒಪ್ಪಿದೆ. ವೈಫೈ ಪಾಸ್‌ವರ್ಡ್ ಯಾಕೆ ಅಳಿಸ್ತಾಳೆ? ತನ್ನ ಗಂಡನ ಫೋಟೋನೇ ಯಾಕೆ ತೆಗೀತಾಳೆ? ಇಲ್ಲಿ ಒಂದು ವಸ್ತು ಹೋಗ್ತಿಲ್ಲ. ಹೊಸದಾಗಿ ಮಾಡಿದ್ದೆಲ್ಲ ಹೋಗ್ತಿದೆ."

ಯಂತ್ರವನ್ನು ಮತ್ತೆ ಬಂದ್ ಮಾಡಿ, ಪೆನ್‌ಡ್ರೈವ್ ಕಿತ್ತು, ಚಾಲೂ ಮಾಡಿದಳು. ಕಪ್ಪು ಪರದೆಯಲ್ಲಿ ಒಂದು ಸಾಲು ಬಿಳಿ ಅಕ್ಷರ ಮೂಡಿ ಅಲ್ಲೇ ನಿಂತಿತು.

"ನೋಡಿ. ಒಳಗಿನ ಡಿಸ್ಕ್ ಸತ್ತಿದೆ. ನಡೀತಿರೋದೆಲ್ಲ ಈ ಪೆನ್‌ಡ್ರೈವ್‌ನಿಂದ. ಪ್ರಯೋಗಕ್ಕೆ ಅಂತ ಇರೋ ಲಿನಕ್ಸ್ ಇದು, ಛತ್ರದ ಕೋಣೆ ಇದ್ದ ಹಾಗೆ. ಏನೇ ಇಟ್ಟರೂ ನೀವು ಹೊರಟ ಮೇಲೆ ಗುಡಿಸಿ ಹಾಕ್ತಾರೆ. ದಿನಾ ಎಂಟಕ್ಕೆ ಶಿಸ್ತಾಗಿ ಬಂದ್ ಆಗ್ತಿತ್ತು, ದಿನಾ ಶಿಸ್ತಾಗಿ ಗುಡಿಸಿ ಹೋಗ್ತಿತ್ತು. ಇನ್ನು ಆ ಟೇಪು, ಬಿದ್ದು ಒಡೆದ ಮೂಲೆಗೆ ಸುತ್ತಿದ್ದು. ಶಿವಪ್ನೋರೇ, ಎಲ್ಲಿಂದ ಬಿತ್ತು?"

ಶಿವಪ್ಪನವರು ಟೇಪು ಸುತ್ತಿದ ಮೂಲೆಯ ಮೇಲೆ ಬೆರಳಾಡಿಸಿದರು.

"ಕಪಾಟಿನ ಮ್ಯಾಲಿಂದ," ಎಂದರು ಮೆಲ್ಲಗೆ. "ನಾನ ಕೆಡವಿದೆ. ಪ್ರಸಾದ ಮೊದಲನೇ ಪಗಾರದಾಗ ಅವರವ್ವಗ ಕೊಡಿಸಿದ್ದು. ಈಕಿಗೆ ಯಾವ ಬಾಯಿಲೆ ಹೇಳ್ಲಿ? ಇದನ್ನ ಹಾಕಿದ್ರ ನಡೀತೈತಿ ಅಂದ ಅಂಗಡಿಯವ. ಇಟ್ಟದ್ದು ಉಳಿಯೂದಿಲ್ಲ ಅಂತ ನನಗ ಖರೇನ ಗೊತ್ತಿರಲಿಲ್ರಿ."

"ವಾಣಿಗೆ ಗೊತ್ತಿತ್ತು ಏನು?" ನೀಲಗಂಗಮ್ಮನ ದನಿ ಸಣ್ಣಗಾಗಿತ್ತು.

"ಬಿದ್ದದ್ದು ಗೊತ್ತಿತ್ತು," ಎಂದಳು ಸಾವಿತ್ರಮ್ಮ. "ನಾನು ಕೇಳಿದ್ದು ಅವಳನ್ನ, ಅವಳು ನೋಡಿದ್ದು ಮಾವನ್ನ. ತಪ್ಪು ಮಾಡಿದವರು ನೆಲ ನೋಡ್ತಾರೆ. ಇನ್ನೊಬ್ಬರ ಗುಟ್ಟು ಕಾಯೋರು ಆ ಇನ್ನೊಬ್ಬರನ್ನ ನೋಡ್ತಾರೆ."

ವಾಣಿಶ್ರೀಯ ಕಣ್ಣು ತುಂಬಿತು. "ನಿಮ್ಮ ಅತ್ತಿ ಮುಂದ ಹೇಳಬ್ಯಾಡವ್ವಾ ಅಂತ ಮಾವಾರು ಕೈ ಹಿಡಕೊಂಡು ಕೇಳಿದ್ರು. ಬಿದ್ದದ್ದಕ್ಕ ಹಿಂಗಾಗೇತಿ ಅಂತ ಅನಸ್ತಿತ್ತು. ಬಾಯಿ ಬಿಟ್ಟಿದ್ರ ಅವರಿಗೆ ಕೊಟ್ಟ ಮಾತು ತಪ್ಪತಿತ್ತು."

ಶಿವಪ್ಪನವರು ಮುಖ ಮುಚ್ಚಿಕೊಂಡರು. "ಆಕಿನ್ನ ಬೈಯೂದು ಕೇಳಿನೂ ಸುಮ್ಮನ ಕುಂತೆ. ನನ್ನ ತಪ್ಪು ಅದು ದೊಡ್ಡದು," ಎಂದರು. ಆಗಷ್ಟೇ ಅವರ ಮೇಲೆ ಬಂದಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಮಧ್ಯಾಹ್ನ ಪೆನ್‌ಡ್ರೈವ್ ಸಿಕ್ಕಿಸಿ ಮತ್ತೊಮ್ಮೆ ಪ್ಲೇಯರ್ ಹಾಕಿದೆವು. ಹಾಡು ಮುಗಿಯುವವರೆಗೆ ಪ್ಲಗ್ಗಿನ ಹತ್ತಿರ ಸುಳಿಯಕೂಡದೆಂದು ಶಿವಪ್ಪನವರಿಗೆ ಆಜ್ಞೆಯಾಯಿತು. ನಾಲ್ಕಕ್ಕೆ ಮನೆ ತುಂಬ ಹೆಂಗಸರು. ಹಸಿರು ಸೀರೆಯುಟ್ಟು ವಾಣಿಶ್ರೀ ಮಣೆಯ ಮೇಲೆ ಕೂತಳು. ಪುಟ್ಟ ಪರದೆಯಲ್ಲಿ ಆ ಅಜ್ಜಿ ಹಲ್ಲಿಲ್ಲದ ಬಾಯಿಂದ ಹಾಡತೊಡಗಿದರು. ನನಗೂ ಕಣ್ಣು ಮಂಜಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಉಡಿ ತುಂಬಲು ಬಂದ ನೀಲಗಂಗಮ್ಮ ಎಲ್ಲರೆದುರು ಸೊಸೆಯ ಗಲ್ಲ ಹಿಡಿದರು. "ನಂದು ತಪ್ಪಾತು, ವಾಣಿ. ಕಳ್ಳಿ ಅಂದೆ. ಬ್ಯಾರೆ ಮನಿ ಮಾಡ್ತಿದ್ರ ಮಾಡವ್ವಾ, ನಾ ಬ್ಯಾಡ ಅನ್ನಂಗಿಲ್ಲ. ಕೂಸಿನ ಮುಖ ಅಷ್ಟು ತೋರಸು."

ವಾಣಿಶ್ರೀ ತಲೆಯೆತ್ತಿದಳು. "ಕೂಸಿಗೆ ಮೂರು ತಿಂಗಳಾದ ಮ್ಯಾಲೆ ನನ್ನ ಕರಿಯಾಕ ನೀವ ಬರ್ರಿ, ಅತ್ತಿ. ಬ್ಯಾರೆ ಯಾರ ಬಂದ್ರೂ ನಾ ಬರಂಗಿಲ್ಲ."

ನೀಲಗಂಗಮ್ಮ ಉಡಿ ತುಂಬುವುದನ್ನು ಅಲ್ಲಿಗೇ ಬಿಟ್ಟು ಗಂಡನತ್ತ ತಿರುಗಿದರು. "ಕೇಳಿದ್ರಿಲ್ಲೋ? ಟಿಕೀಟ್ ತಗಸ್ರಿ."

"ಏ, ಕೂಸು ಇನ್ನ ಹುಟ್ಟೇ ಇಲ್ಲ," ಎಂದರು ಶಿವಪ್ಪನವರು.

"ಹುಟ್ಟತೈತಿ. ನೀವು ಜಲ್ದಿ ತಗಸ್ರಿ."