ಮೂರು ಚೊಂಬು ಬಿಸಿನೀರು

"ಬಿಸಿನೀರಿನ ಗುಂಡಕ್ಕೆ ಹೋಗೋಣ, ಬರ್ತೀಯಾ?"

ಚಂದನ ಕೇಳಿದ್ದು ಇಷ್ಟೇ. ಸುಗಟೂರಿನ ಹಾಲಿನ ಡೇರಿಯಲ್ಲಿ, ಬೆಳಿಗ್ಗೆ ಆರೂವರೆಗೆ, ನಾನು ತಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡ್ತಾ, ತಲೆ ಎತ್ತದೆ. ನಾನು ಪೆದ್ದ. ಹೋಗೋಣ ಅಂದ್ರೆ ಇಬ್ಬರೇ ಅಂದ್ಕೊಂಡೆ.

ಒಡಿಶಾ ಗಡಿಯ ಬೆಟ್ಟಗಳ ಒಳಗೆ ಎಲ್ಲೋ ನೆಲದಿಂದ ಕುದಿಯೋ ನೀರು ಉಕ್ಕುತ್ತಂತೆ. ಎರಡು ದಿನದ ದಾರಿ. ಬಾಡಿಗೆಗೆ ಓಡಿಸೋ ನನ್ನ ಸುಮೋನ ಉಜ್ಜಿ ಉಜ್ಜಿ ತೊಳೆದೆ. ಸೀಟಿಗೆ ಕವರ್ ಹಾಕಿಸಿದೆ. ಕೋಲಾರಕ್ಕೆ ಹೋಗಿ ಆಕಾಶದ ಬಣ್ಣದ ಶರ್ಟ್ ತಂದೆ. ಹೊರಡೋ ದಿನ ಅವಳ ಮನೆ ಮುಂದೆ ಗಾಡಿ ನಿಲ್ಲಿಸಿದ್ರೆ, ಅವಳಮ್ಮ ಶಾಮಲಮ್ಮ ಮೂರು ಬ್ಯಾಗು, ಪುಳಿಯೋಗರೆ ಡಬ್ಬಿ, ಒಂದು ಹಿತ್ತಾಳೆ ಚೊಂಬು ಹಿಡ್ಕೊಂಡು ಬಂದು ಮುಂದಿನ ಸೀಟಲ್ಲೇ ಕೂತ್ರು.

"ಹೊಸ ಶರ್ಟಾ ನಾಯ್ನಾ? ಚೆನ್ನಾಗಿದೆ."

ಹಿಂದಿನ ಸೀಟಲ್ಲಿ ಚಂದನ ಬಾಯಿಗೆ ಕೈ ಅಡ್ಡ ಇಟ್ಟು ನಗ್ತಾ ಇದ್ದಳು. ಕನ್ನಡಿಯಲ್ಲಿ ನನಗೆ ಕಂಡಿದ್ದು ಆ ಕೈ.

ಆ ಕೈ ಬಗ್ಗೆ ಹೇಳ್ಲೇಬೇಕು. ಎಡಗೈ. ಮಣಿಕಟ್ಟಿನಿಂದ ಬೆರಳ ತುದಿ ತನಕ ಬಿಳಿ ಮಚ್ಚೆ. ಊರಲ್ಲಿ ತೊನ್ನು ಅಂತಾರೆ, ಅವಳು ಹತ್ರ ಬಂದ್ರೆ ದನಿ ಇಳಿಸ್ತಾರೆ. ಅವರ ಬಾಯಿಗೆ ಮಣ್ಣು ಹಾಕ. ಮೂರು ವರ್ಷದ ಹಿಂದೆ, ಅವಳು ಡೇರಿ ಕೆಲಸಕ್ಕೆ ಸೇರಿದ ಮೊದಲ ವಾರ, "ಹಾಲು ಅಳೆದೂ ಅಳೆದೂ ಕೈಗೇ ಅಂಟ್ಕೊಂಡಿದೆ ನೋಡು" ಅಂದುಬಿಟ್ಟೆ. ಹೊಡೀತಾಳೆ ಅಂದ್ಕೊಂಡಿದ್ದೆ.

"ನಿನ್ನ ಹಾಲಂತೂ ಅಲ್ಲ ಬಿಡು. ಅದ್ರಲ್ಲಿರೋದು ಬರೀ ನೀರು," ಅಂದ್ಲು.

ಅವತ್ತೇ ಮುಗೀತು ನನ್ನ ಕಥೆ. ಆಮೇಲೆ ದಿನಾ ಬೆಳಿಗ್ಗೆ ಆ ಕೈ ನೋಡೋಕೆ ಹೋಗ್ತಿದ್ದೆ. ಚಳಿಗೆ ಸ್ವೆಟರ್ ತೋಳಿನೊಳಗೆ ಅರ್ಧ ಅಡಗಿರೋ ಕೈ. ಹಸಿರು ಬಳೆ ಹಾಕಿದ ದಿನ ಇನ್ನೂ ಬೆಳ್ಳಗೆ ಕಾಣೋ ಕೈ. ನನ್ನ ಕಣ್ಣು ಬಿದ್ರೆ ಅವಳು ಅದನ್ನ ಮುಚ್ಚಿಕೊಳ್ತಿರಲಿಲ್ಲ. ಅಷ್ಟೇ ಸಾಕಿತ್ತು ನನಗೆ. ಅವಳು ಡಿಗ್ರಿ ಓದಿದೋಳು, ನಾನು ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು. ಆದ್ರೂ ಸಿಗ್ತಾಳೆ ಅನ್ನೋ ಧೈರ್ಯ ಎಲ್ಲಿಂದ ಬಂತು ಅಂತ ಆಗ ಯಾರಾದ್ರೂ ಕೇಳಿದ್ರೆ ಪ್ರೀತಿ ಅಂತಿದ್ದೆ.

ಮುಳಬಾಗಿಲು ದಾಟಿದ ಮೇಲೆ ಶಾಮಲಮ್ಮ ಬಾಯಿ ಬಿಟ್ರು. ಮಾಲೂರಿನ ಹುಡುಗ, ಶಿವಕುಮಾರ್ ಅಂತ, ಫ್ಯಾಕ್ಟರೀಲಿ ಸೂಪರ್‌ವೈಸರ್. ಫೋಟೋ ಒಪ್ಪಿದ್ದಾನೆ, ಬರೋ ತಿಂಗಳು ಹುಡುಗಿ ನೋಡೋಕೆ ಬರ್ತಾನೆ. ಫೋಟೋದಲ್ಲಿ ಎಡಗೈ ಸೆರಗಿನ ಒಳಗಿತ್ತು.

"ಆ ಗುಂಡದ ನೀರು ಮೂರು ಚೊಂಬು ಹುಯ್ದ್ರೆ ಹೋಗುತ್ತಂತೆ ನಾಯ್ನಾ. ಆದ್ರೆ ರಕ್ತಸಂಬಂಧ ಇಲ್ಲದೋರು ಹುಯ್ಯಬೇಕು. ಮನಸ್ಸಿಂದ ಬೇಡ್ಕೊಂಡು, ಒಂದೊಂದು ಚೊಂಬಿಗೂ 'ಹೋಗು' ಅನ್ನಬೇಕು."

"ನಿಮ್ಮನ್ನ ಅಕ್ಕ ಅಂತೀನಲ್ಲ," ಅಂದೆ. ನಮ್ಮ ಕಡೆ ಅಕ್ಕನ ಮಗಳು ಅಂದ್ರೆ ಏನು ಅಂತ ಅವರಿಗೂ ಗೊತ್ತು.

"ಬಾಯಲ್ಲಿ ಅಕ್ಕ. ರಕ್ತದಲ್ಲಿ ಅಲ್ವಲ್ಲ," ಅಂದು ಪುಳಿಯೋಗರೆ ಡಬ್ಬಿ ಬಿಚ್ಚಿದ್ರು.

ಹಿಂದಿನಿಂದ ಚಂದನ ಅಂದ್ಲು, "ನಿನ್ನ ಹೆಸರು ಹೇಳಿದ್ದು ನಾನೇ ಕದಿರೇಶ್. ನನಗೋಸ್ಕರ ಮನಸ್ಸಿಂದ ಬೇಡ್ಕೊಳ್ಳೋರು ಇನ್ಯಾರಿದ್ದಾರೆ?"

ಇಷ್ಟು ಮೃದುವಾಗಿ ಯಾರೂ ನನ್ನ ಕತ್ತು ಕುಯ್ದಿಲ್ಲ.

ರಸ್ತೆ ಮುಗಿದ ಮೇಲೆ ಕಾಡಿನೊಳಗೆ ಎರಡೂವರೆ ಗಂಟೆ ನಡಿಗೆ. ಶಾಮಲಮ್ಮ ಮಂಡಿ ಹಿಡ್ಕೊಂಡು ಹಿಂದೆ ಉಳಿದ್ರು. ಒಂದು ಹಳ್ಳ ದಾಟೋವಾಗ ಚಂದನ ಕೈ ಚಾಚಿದಳು. ಯಾರ ಮುಂದೆಯೂ ಬಲಗೈ ಚಾಚೋಳು, ನನಗೆ ಎಡಗೈ ಕೊಟ್ಟಳು. ತಣ್ಣಗಿತ್ತು.

"ಬಿಡು, ದಾಟಾಯ್ತು."

"ಇನ್ನೊಂದು ಹಳ್ಳ ಇದೆ."

"ಎಲ್ಲಿ?"

"ಮುಂದೆ ಎಲ್ಲೋ ಇರುತ್ತೆ."

ನಕ್ಕಳು. ಕೈ ಮಾತ್ರ ಸ್ವಲ್ಪ ಹೊತ್ತು ಬಿಟ್ಟೇ ಬಿಡಿಸ್ಕೊಂಡಳು. ಆ ಸ್ವಲ್ಪ ಹೊತ್ತನ್ನ ನಾನು ಯಾರಿಗೂ ಕೊಡಲ್ಲ.

ಎರಡು ಬಂಡೆ ಮಧ್ಯೆ ಗುಂಡ. ಎತ್ತಿನ ಗಾಡಿಯಷ್ಟು ಅಗಲ. ತಳದಿಂದ ಗುಳುಗುಳು ಅಂತ ಗುಳ್ಳೆ, ಮೇಲೆಲ್ಲಾ ಹೊಗೆ, ಪಟಾಕಿ ಸುಟ್ಟ ವಾಸನೆ. ನಮ್ಮೂರಲ್ಲಿ ಸಾವಿರದೈನೂರು ಅಡಿ ಕೊರೆದ್ರೂ ಸಿಗದ ನೀರು ಇಲ್ಲಿ ಯಾರೂ ಕೇಳದೆ ಹರಿದು ಹೋಗ್ತಿತ್ತು.

ಅವಳು ಬಂಡೆ ಮೇಲೆ ಕೂತು ಕೈ ಚಾಚಿ ಕಣ್ಣು ಮುಚ್ಚಿದಳು. ಮೊದಲ ಚೊಂಬು ಹುಯ್ದೆ. ಸುಟ್ಟಿರಬೇಕು, ತುಟಿ ಕಚ್ಚಿದಳು. ಬರೀ ತುಟಿ ಆಡಿಸಿದೆ, ಮಾತು ಬರಲಿಲ್ಲ. ಎರಡನೇ ಚೊಂಬಿಗೂ ಅಷ್ಟೇ. ಮೂರನೇದಕ್ಕೆ ಒಂದು ಮಾತು ಬಂತು, ಗಂಟಲಿನಿಂದ ಆಚೆ ಬರದ ಹಾಗೆ. ಇರು ಅಂದೆ. ಇರು, ಇರು, ಇಲ್ಲೇ ಇರು.

ಬಿಳಿ ಮಚ್ಚೆ ನಿಧಾನಕ್ಕೆ ಗುಲಾಬಿ ಆಯ್ತು. ಆಮೇಲೆ ಕೆಂಪಗೆ. ಆಗಷ್ಟೇ ಬಂದು ತಲುಪಿದ ಶಾಮಲಮ್ಮ ನೋಡಿ ಅಲ್ಲೇ ಕೂತುಬಿಟ್ರು. "ಬಣ್ಣ ಬಂತು ತಾಯೀ, ಬಣ್ಣ ಬಂತು," ಅಂತ ಮಗಳ ಕೈಗೆ ಮುತ್ತಿಟ್ಟು ಅತ್ರು. ಚಂದನ ಕೈ ತಿರುಗಿಸಿ ತಿರುಗಿಸಿ ನೋಡ್ಕೊಂಡಳು, ಬೇರೆ ಯಾರದೋ ಕೈ ಅನ್ನೋ ಹಾಗೆ. ಅಷ್ಟು ಖುಷಿ ನಾನು ಅವಳಲ್ಲಿ ಕಂಡಿರಲಿಲ್ಲ. ನಾನು ಚೊಂಬಲ್ಲಿ ಉಳಿದ ನೀರನ್ನ ಬಂಡೆ ಮೇಲೆ ಚೆಲ್ಲಿ ಬೆನ್ನು ತಿರುಗಿಸಿದೆ.

ವಾಪಸ್ ಇಳಿಯೋವಾಗ ಶಾಮಲಮ್ಮ ಮತ್ತೆ ಹಿಂದೆ ಉಳಿದ್ರು. ಅದೇ ಹಳ್ಳದ ಹತ್ರ ಚಂದನ ನಿಂತಳು. ಬಿಸಿಗೆ ಬಂದಿದ್ದ ಕೆಂಪು, ಕೈ ತಣ್ಣಗಾಗ್ತಾ ಆಗ್ತಾ ಇಳಿದು ಹೋಗಿತ್ತು. ಕೈ ಮತ್ತೆ ಬೆಳ್ಳಗೆ. ಹಾಲಿನಷ್ಟು ಬೆಳ್ಳಗೆ.

"ನಗ್ತಾ ಇದೀಯ ನೀನು," ಅಂದ್ಲು.

ನಗ್ತಾ ಇದ್ದೆ. ನನಗೇ ಗೊತ್ತಿರಲಿಲ್ಲ.

"ಹೋಗು ಅಂದಿಲ್ಲ ಅಲ್ವಾ?"

"ಅಂದ್ರೂ ಹೋಗ್ತಿರಲಿಲ್ಲ ಕಣೇ. ಯಾಕೆ ಹೋಗ್ಬೇಕು? ನನಗೆ ಹೀಗೇ ಇಷ್ಟ. ಮೂರು ವರ್ಷದಿಂದ ಇಷ್ಟ. ನಾನು ಮಾಡ್ಕೊಳ್ತೀನಿ ನಿನ್ನ, ಈ ಕೈ ಸಮೇತ."

ಅವಳು ಕೂಗಾಡಲಿಲ್ಲ. ಡೇರೀಲಿ ಲ್ಯಾಕ್ಟೋಮೀಟರ್ ನೋಡಿ ಅಳತೆ ಹೇಳೋ ಹಾಗೆ ಹೇಳಿದಳು.

"ಈ ಮಚ್ಚೆ ಇಲ್ದಿದ್ರೆ ನನ್ನ ಕೇಳ್ತಿದ್ಯಾ? ಹತ್ರ ಬರೋ ಧೈರ್ಯ ಇರ್ತಿತ್ತಾ? ಕೋಲಾರದ ಮಂಡೀಲಿ ಕಲೆ ಬಿದ್ದ ಟೊಮೊಟೊ ಸಂಜೆವರೆಗೂ ಯಾರೂ ಮುಟ್ಟಲ್ಲ. ಆಮೇಲೆ ಯಾರಿಗೆ ಬೇಕಾದ್ರೂ ಸಿಗುತ್ತೆ. ನೀನು ಸಂಜೆ ಆಗೋದನ್ನ ಕಾಯ್ತಾ ಇದ್ದೆ ಕದಿರೇಶ್. ಊರೋರು ಈ ಕೈ ನೋಡಿ ಬೇಡ ಅಂದ್ರು. ನೀನು ಇದನ್ನೇ ನೋಡಿ ಬೇಕು ಅಂದೆ. ನಾನೆಲ್ಲಿದ್ದೆ ಅದ್ರಲ್ಲಿ?"

ಸೋತೋನು ಆಡೋ ಮಾತು ಆಡಿದೆ.

"ನೋಡೇ ಬಿಡ್ತೀನಿ, ಈ ಕೈನ ಯಾವನು ಹಿಡೀತಾನೆ ಅಂತ."

ಅವಳು ಬಲಗೈಯನ್ನ ಬಂಡೆಗೆ ಊರ್ಕೊಂಡು, ಒಬ್ಬಳೇ ಹಳ್ಳ ದಾಟಿದಳು. ಸುಗಟೂರು ಬರೋ ತನಕ ಕನ್ನಡಿಯಲ್ಲಿ ಕಾಣದ ಮೂಲೆಗೆ ಸರಿದು ಕೂತಳು.

ಮುಂದಿನ ತಿಂಗಳು ಶಿವಕುಮಾರ್ ಬಂದ. ಏನಾಯ್ತು ಅಂತ ಶಾಮಲಮ್ಮನೇ ದಾರೀಲಿ ನಿಲ್ಲಿಸಿ ಹೇಳಿದ್ರು. ಇವಳು ಬೇಕು ಅಂತಲೇ ಎಡಗೈಯಲ್ಲಿ ಕಾಫಿ ಲೋಟ ಮುಂದೆ ಹಿಡಿದಳಂತೆ. ಅವನ ಕಡೆಯೋರು ಮುಖ ಮುಖ ನೋಡ್ಕೊಂಡ್ರಂತೆ. ಅವನು ಲೋಟ ತಗೊಂಡು ಒಂದು ಗುಟುಕು ಕುಡಿದು, "ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು ರೀ," ಅಂದನಂತೆ. ಅಷ್ಟೇ. ಮೂರು ವರ್ಷದಿಂದ ನಾನು ಏನನ್ನ ದೊಡ್ಡ ತ್ಯಾಗ ಅಂತ ಎದೆ ಉಬ್ಬಿಸ್ಕೊಂಡು ತಿರುಗ್ತಿದ್ನೋ, ಅದನ್ನ ಅವನು ಒಂದು ಗುಟುಕಲ್ಲಿ ಮುಗಿಸಿದ್ದ. ಅವನ ಮೇಲೆ ಸಿಟ್ಟು ಬರೋಕೂ ಜಾಗ ಬಿಡಲಿಲ್ಲ ಬಡ್ಡೀಮಗ.

ಮದುವೆ ಗೊತ್ತಾಯ್ತು. ಡೇರಿಯಲ್ಲಿ ಅವಳ ಕೊನೇ ದಿನ ಸಾಲಲ್ಲಿ ನಾನೇ ಕೊನೆಗೆ ನಿಂತೆ. ನನ್ನ ಹಾಲು ಅಳೆದಳು. ಲೆಕ್ಕದ ಚೀಟಿ ಕೊಡಲಿಲ್ಲ.

"ಅವತ್ತು ಹೇಳಲಿಲ್ಲವಲ್ಲ. ಇವತ್ತು ಹೇಳು. ಮೂರು ಸಲ."

"ಇನ್ನೇನು ಪ್ರಯೋಜನ?"

"ನನಗೆ ಕೇಳಬೇಕು. ನಿನ್ನ ಬಾಯಿಂದ."

ಲ್ಯಾಕ್ಟೋಮೀಟರ್ ಹಿಡಿದ ಕೈ ನೋಡ್ತಾ ಅಂದೆ, "ಹೋಗು."

"ಒಂದು."

"ಹೋಗು."

"ಎರಡು. ಕೈ ನೋಡಬೇಡ ಕದಿರೇಶ್. ನನ್ನ ನೋಡಿ ಹೇಳು."

ತಲೆ ಎತ್ತಿದೆ. ಕಣ್ಣು ತುಂಬಿತ್ತು ಅವಳಿಗೆ, ಹರಿಯೋಕೆ ಬಿಟ್ಟಿರಲಿಲ್ಲ. ಎಡಹುಬ್ಬಿನ ನಡುವೆ ಒಂದು ಸಣ್ಣ ಗಾಯದ ಗೆರೆ. ಅಲ್ಲಿ ಕೂದಲು ಬೆಳೆದಿಲ್ಲ. ಚಿಕ್ಕಂದಿನಲ್ಲಿ ಎಲ್ಲೋ ಬಿದ್ದಿರಬೇಕು. ಮೂರು ವರ್ಷ, ದಿನಾ ಬೆಳಿಗ್ಗೆ, ಎರಡಡಿ ದೂರದಲ್ಲಿ ನಿಂತಿದ್ದೀನಿ. ಅದನ್ನ ನಾನು ಒಂದು ಸಲವೂ ನೋಡಿರಲಿಲ್ಲ.

ಹುಬ್ಬಿಗೆ ಏನಾಗಿತ್ತು ಅಂತ ಕೇಳಬೇಕು ಅನ್ನಿಸ್ತು.

"ಹೋಗು," ಅಂದೆ.