ಗ್ಲಾಸಿ ಪರದೆಯೊಳಗಿನವನು

ಅವನ ಮೂಗನ್ನು ಅಳಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ತಪ್ಪು ಹೊಸ ಲ್ಯಾಪ್‌ಟಾಪಿನದು. ಫೋಟೋ ತಿದ್ದುವುದು ನನ್ನ ಕೆಲಸ. ಆಲ್ಬಂ ಇರಲಿ, ಕಲಾವಿದರ ದೊಡ್ಡ ಪುಸ್ತಕವಿರಲಿ, ಕೆಳಮಹಡಿಯ ಮುದ್ರಣಕ್ಕೆ ಹೋಗುವ ಮೊದಲು ಪ್ರತಿ ಚಿತ್ರವೂ ನನ್ನ ಕೈ ದಾಟಿ ಹೋಗಬೇಕು. ಅಂದು ಪರದೆಯ ಮೇಲೆ ಕುರ್ಚಿಯಲ್ಲಿ ಕೂತ ಒಬ್ಬ ಅಜ್ಜಿಯ ಚಿತ್ರವಿತ್ತು. ಅಜ್ಜಿಯ ಹಿಂದೆ ತೆರೆದ ಬಾಗಿಲು, ಬಾಗಿಲೊಳಗೆ ಗವ್ವೆನ್ನುವ ಕತ್ತಲೆ. ಆ ಕತ್ತಲೆಯಲ್ಲಿ ಒಂದು ಮುಖ ಕಂಡಿತು. ಮನೆಯವರು ಯಾರೋ ಇಣುಕಿದ್ದಾರೆ ಎಂದುಕೊಂಡು, ಪಕ್ಕದ ಕಪ್ಪನ್ನು ತೆಗೆದು ಮುಖದ ಮೇಲೆ ಬಳಿದೆ. ಹೋಗಲಿಲ್ಲ. ಮೂಗಿನಿಂದ ಮತ್ತೆ ಶುರು ಮಾಡಿದೆ. ಆಗ ಮುಖವೇ ಮಾತಾಡಿತು.

"ಅದು ನಾನು."

ಜೀವ ಬಾಯಿಗೆ ಬಂತು. ತಿರುಗಿದರೆ, ಕೈಯಲ್ಲಿ ಪ್ರೂಫ್, ಅಂದರೆ ಪರೀಕ್ಷೆಗೆ ಮುದ್ರಿಸಿದ ಹಾಳೆ, ಹಿಡಿದು ಕೆಳಗಿನ ಹೊಸ ಮುದ್ರಕ ನಿಂತಿದ್ದ.

"ಯಾವಾಗ ಬಂದ್ರಿ?"

"ನೀವು ಮೊದಲನೇ ಸಲ ನನ್ನ ಮೂಗು ಉಜ್ಜಿದಾಗ."

"ಆವಾಗಲೇ ಹೇಳಬಾರದಿತ್ತಾ?"

"ಅಷ್ಟು ಅಕ್ಕರೆಯಿಂದ ನನ್ನ ಮುಖ ಯಾರೂ ಒರೆಸಿರಲಿಲ್ಲ. ಅದಕ್ಕೇ ಸುಮ್ಮನಿದ್ದೆ."

ಇದನ್ನು ಅವನು ಹೇಳಿದ್ದು ನನಗಲ್ಲ, ಕೈಯಲ್ಲಿದ್ದ ಕಾಗದಕ್ಕೆ. ಆಮೇಲೆ ಗೊತ್ತಾಯಿತು, ಈ ಮನುಷ್ಯ ಯಾರೊಂದಿಗೆ ಮಾತಾಡಿದರೂ ಕಾಗದವನ್ನೇ ನೋಡುತ್ತಾನೆ.

ನಮ್ಮ ಮೇಲಿನ ಮಹಡಿಯಲ್ಲಿ ಗೋಡೆ ಬೂದು, ಪರದೆಬಟ್ಟೆ ಬೂದು, ಹಾಕಿಕೊಳ್ಳುವ ಕೋಟೂ ಬೂದು. ಬಟ್ಟೆಯ ಬಣ್ಣ ಪರದೆಯ ಮೇಲೆ ಬಿದ್ದರೆ ಚಿತ್ರದ ಬಣ್ಣ ತಪ್ಪಾಗಿ ಕಾಣುತ್ತದಲ್ಲ, ಅದಕ್ಕೆ. ಕೆಳಗಿನಿಂದ ಯಾರು ಬಂದರೂ ಬಾಗಿಲಲ್ಲಿ ನೇತುಹಾಕಿದ ಬೂದು ಕೋಟು ತೊಟ್ಟೇ ಒಳಗೆ ಬರಬೇಕು. ಅಂಥ ಕೋಣೆಗೆ ಪ್ರೆಸ್ಸಿನ ಯಜಮಾನರು ಕನ್ನಡಿಯಂಥ ಗ್ಲಾಸಿ ಪರದೆ ತಂದುಕೊಟ್ಟಿದ್ದರು. ಹೊಳಪು ಬೇಡವೆಂದರೆ ಮ್ಯಾಟ್ ಮಾಡಿಕೊಳ್ಳಲು ಅಂಟಿಸುವ ಒಂದು ಫಿಲ್ಮೂ ಡ್ರಾಯರ್‌ನಲ್ಲಿತ್ತು.

"ಆ ಫಿಲ್ಮ್ ಅಂಟಿಸಿಬಿಡಿ ಮೇಡಂ," ಎನ್ನುತ್ತಿದ್ದ ಅವನು ದಿನಾ. "ಗ್ಲಾಸಿ ನಿಮ್ಮ ಕಣ್ಣಿಗೆ ಮಣ್ಣೆರಚುತ್ತೆ. ನಿಮಗೆ ಕಾಣೋ ಕಪ್ಪು ನನ್ನ ಕಾಗದದಲ್ಲಿ ಬರೋದೇ ಇಲ್ಲ. ಕಾಗದ ಹೊಳೆಯಲ್ಲ."

"ಮ್ಯಾಟ್ ಅಂದ್ರೆ ಹಬೆ ಹಿಡಿದ ಕನ್ನಡಕ ಹಾಕ್ಕೊಂಡು ಕೆಲಸ ಮಾಡಿದ ಹಾಗೆ. ನನಗಾಗಲ್ಲ."

"ಇದರಲ್ಲಿ ಕೆಲಸಕ್ಕಿಂತ ಹೆಚ್ಚು ನೀವೇ ಕಾಣ್ತೀರಿ."

"ಕಂಡ್ರೆ ಏನೀಗ ನಷ್ಟ?"

"ನಷ್ಟ ಏನಿಲ್ಲ," ಎಂದ ಕಾಗದಕ್ಕೆ. ಕಿವಿ ಮಾತ್ರ ಕೆಂಪಾಗಿತ್ತು. ಅಂದಿನಿಂದ ಅವನಿಗೆ ನಾನಿಟ್ಟ ಹೆಸರು ಮಂಕುರಾಯ.

ಮಂಕುರಾಯನ ಗುಟ್ಟು ಆ ಪರದೆಯಿಂದಲೇ ಹೊರಬಿತ್ತು. ಮಧ್ಯಾಹ್ನ ಪ್ರೂಫ್ ತಂದು ಅವನು ನನ್ನ ಹಿಂದೆ ನಿಂತಾಗ, ಚಿತ್ರದ ಕಪ್ಪಿನಲ್ಲಿ ಅವನ ಮುಖ ಕಾಣುತ್ತಿತ್ತು. ಅಲ್ಲಿ ಅವನು ಕಾಗದ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ಕಿವಿಯ ಪಕ್ಕದ ಕೂದಲು, ಪೆನ್ನು ಹಿಡಿದ ಬೆರಳು, ಮತ್ತೆ ಮುಖ. ನಾನು ತಿರುಗಿದೆನೋ, ಕಣ್ಣು ಥಟ್ಟನೆ ಕಾಗದಕ್ಕೆ ಇಳಿಯುತ್ತಿತ್ತು. ಹಾಗಾಗಿ ತಿರುಗುವುದನ್ನೇ ಬಿಟ್ಟೆ. ಅವನು ಬರುವ ಹೊತ್ತಿಗೆ ಬೇಕೆಂದೇ ಅಜ್ಜಿಯ ಚಿತ್ರ ತೆರೆದು, ಆ ಕತ್ತಲ ಬಾಗಿಲನ್ನು ಪರದೆ ತುಂಬ ಹಿಗ್ಗಿಸಿ ಇಡುತ್ತಿದ್ದೆ. ನನಗೆ ಅವನ ಮೇಲೆ ಮನಸ್ಸಾಗಿತ್ತು.

ಒಂದು ಮಧ್ಯಾಹ್ನ ಅವನು ಎಂದಿಗಿಂತ ಬೇಗ ಬಂದು ಪರದೆಯ ಮೇಲಿನ ಬಾಗಿಲಿನ ಕತ್ತಲೆಯಲ್ಲಿ ನಿಂತಿದ್ದ.

"ಏನು ಸಾಹೇಬ್ರು, ಇವತ್ತು ಪ್ರೂಫ್ ಇಲ್ದೇ ಬಂದಿದ್ದೀರಿ?" ಎಂದೆ, ತಿರುಗದೆ. ಅವನ ಕೈ ಖಾಲಿ ಇತ್ತು. ಅವನು ಸದ್ದಿಲ್ಲದೆ ನಕ್ಕ. ನಾನು ಏನೇನೋ ಹರಟಿದೆ, ಅವನು ಒಂದಕ್ಕೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಫೋನ್ ಬಂತು. ಕೆಳಗೆ ಪುಸ್ತಕ ಕಟ್ಟುವ ಬೈಂಡಿಂಗ್ ಅಕ್ಕ, ಅಂದರೆ ಅವನ ಸ್ವಂತ ಅಕ್ಕ.

"ಪ್ರೂಫ್ ನೀನೇ ಬಂದು ತಗೊಂಡು ಹೋಗಮ್ಮ. ನನ್ನ ತಮ್ಮ ಇಲ್ಲಿ ಕಲ್ಲುಕಂಬದ ಹಾಗೆ ನಿಂತಿದ್ದಾನೆ. ಎಷ್ಟು ಕರೆದರೂ ಕೇಳಿಸ್ತಿಲ್ಲ."

ತಿರುಗಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಬೂದು ಕೋಟು ಬಾಗಿಲಲ್ಲೇ ತೂಗುತ್ತಿತ್ತು. ಪರದೆಯ ಕಡೆ ನೋಡಿದೆ. ಅವನು ಅಲ್ಲೇ ಇದ್ದ, ನನ್ನನ್ನೇ ನೋಡುತ್ತ. ಲ್ಯಾಪ್‌ಟಾಪನ್ನು ಫಟ್ಟನೆ ಮುಚ್ಚಿದೆ.

"ಹಾಂ, ಈಗ ಎಚ್ಚರ ಆಯ್ತು ನೋಡು ಮಹಾರಾಯನಿಗೆ," ಎಂದರು ಅಕ್ಕ ಫೋನಿನಲ್ಲಿ.

ಭಯವಾಯಿತು, ಯಾಕೆ ಸುಳ್ಳು ಹೇಳಲಿ. ಆದರೆ ಮರುದಿನ ಮಧ್ಯಾಹ್ನ ಮತ್ತೆ ಆ ಬಾಗಿಲನ್ನೇ ತೆರೆದೆ. ಹಾಗೆ ನೋಡುವವರು ನನಗೆ ಇನ್ನಾರಿದ್ದರು?

ದಿನದಿಂದ ದಿನಕ್ಕೆ ಅವನು ಹತ್ತಿರವಾದ. ಮೊದಲು ಹೊಸ್ತಿಲಲ್ಲಿದ್ದವನು ಆಮೇಲೆ ನನ್ನ ಕುರ್ಚಿಯ ಬೆನ್ನಿಗೆ ಬಂದ. ನಾನು ಬಾಗಿದರೆ ಅವನೂ ಬಾಗುತ್ತಿದ್ದ. ಉಸಿರಿನ ಸದ್ದಿಲ್ಲ, ಬಟ್ಟೆಯ ಸರಪರವಿಲ್ಲ, ಕುತ್ತಿಗೆಯ ಹಿಂದೆ ಸಣ್ಣ ತಂಪು ಮಾತ್ರ. ಸಂಜೆ ನಿಜವಾದ ಅವನು ಪ್ರೂಫ್ ತಂದಾಗ ತುಟಿ ಬಿಳಿಚಿಕೊಂಡಿರುತ್ತಿತ್ತು. ಕಾಗದ ಕೊಡುವಾಗ ತಗುಲಿದ ಬೆರಳು ಮಂಜುಗಡ್ಡೆ.

"ಹುಷಾರಿಲ್ವಾ?" ಎಂದು ಕೇಳಿದೆ.

"ನಿದ್ದೆ ಸರಿಯಾಗಿಲ್ಲ ಅಷ್ಟೆ," ಎಂದ, ಕಾಗದಕ್ಕೆ.

ಒಂದು ದಿನ ಬೈಂಡಿಂಗ್ ಅಕ್ಕ ಕೋಟು ತೊಡದೆ, ಏದುಸಿರು ಬಿಡುತ್ತ ಮೇಲೆ ಬಂದರು. ಎದ್ದು ನಿಂತೆ.

"ಕಾಗದ ಕತ್ತರಿಸೋ ಮೆಷಿನ್ ಮುಂದೆ ನಿಂತಿದ್ದಾನೆ ಕಣೇ. ಕೈ ಬ್ಲೇಡ್ ಕೆಳಗೆ, ಕಾಲು ಪೆಡಲ್ ಮೇಲೆ. ಕಣ್ಣು ಬಿಟ್ಟಿದೆ, ಒಳಗೆ ಆಳೇ ಇಲ್ಲ. ನಾನು ಎಳೀದೇ ಇದ್ದಿದ್ರೆ ಎರಡೂ ಕೈ..." ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಎಚ್ಚರ ಆದಮೇಲೆ ಏನಂದ ಗೊತ್ತಾ? 'ಅಕ್ಕಾ, ನಾನು ಮೇಲಿದ್ದೆ' ಅಂದ. ಮೇಲೆ ಏನಮ್ಮ ಇದೆ?"

ನನ್ನ ಬೆನ್ನ ಹಿಂದೆ ಲ್ಯಾಪ್‌ಟಾಪು ತೆರೆದೇ ಇತ್ತು.

"ಮನೆಗೆ ಕರ್ಕೊಂಡು ಹೋಗಿ ಅಕ್ಕ. ಮಲಗಿಸಿ. ಇನ್ನು ಹಾಗಾಗಲ್ಲ."

ಅವರು ಹೋದ ಮೇಲೆ ಡ್ರಾಯರ್‌ನಿಂದ ಫಿಲ್ಮ್ ತೆಗೆದೆ. ತೆಗೆದವಳು ಅದನ್ನು ಹಿಡಿದುಕೊಂಡೇ ಕೂತೆ. ಇದನ್ನು ಅಂಟಿಸಿದರೆ ಆ ನೋಟ ಹೋಗುತ್ತದೆ. ಕೆಳಗಿರುವವನು ಒಂದು ದಿನವೂ ನನ್ನ ಮುಖ ನೋಡಿ ಮಾತಾಡಿದವನಲ್ಲ. ಅವನ ಮನಸ್ಸಿನಲ್ಲಿ ನಾನಿದ್ದೇನೆಂದು ಹೇಳುತ್ತಿದ್ದುದು ಈ ಗಾಜೊಂದೇ. ಅಂಟಿಸದಿದ್ದರೆ, ನಾಳೆ ಮತ್ತೆ ಅದೇ ಬ್ಲೇಡು.

ಪರದೆಯನ್ನು ಬಟ್ಟೆಯಿಂದ ಒರೆಸಿದೆ. ಗಾಜಿನೊಳಗೆ ಅವನು ಬಂದು ನಿಂತ. ಮೇಲಿನ ಅಂಚಿಗೆ ಫಿಲ್ಮ್ ಕೂರಿಸಿ ಬೆರಳಿನಿಂದ ಸವರುತ್ತ ಇಳಿಸಿದೆ. ಕೂದಲು ಮಾಸಿತು, ಹಣೆ ಮಾಸಿತು. ಕಣ್ಣಿನ ಹತ್ತಿರ ನನ್ನ ಕೈ ನಿಂತಿತು. ಒಳಗಿನಿಂದ ಯಾರೋ ಅಂಗೈ ಒತ್ತಿದಂತೆ ಗಾಜು ತಣ್ಣಗಾಯಿತು. ನಾನೂ ಅಲ್ಲಿಗೆ ಅಂಗೈ ಒತ್ತಿದೆ. "ಹೋಗಿ," ಎಂದೆ. "ನಿಮ್ಮ ಕೈ ನಿಮಗೆ ಬೇಕು." ಅಳುತ್ತಲೇ ಉಳಿದದ್ದನ್ನು ಸವರಿ ಮುಗಿಸಿದೆ. ಫಿಲ್ಮ್ ಅಳತೆಗೆ ಸ್ವಲ್ಪ ಕಡಿಮೆ ಬಿದ್ದು, ಬಲಗಡೆ ಬೆರಳಗಲದ ಗಾಜು ಹಾಗೇ ಉಳಿಯಿತು.

ಆಮೇಲೆ ಅವನು ಕೆಲಸಕ್ಕೆ ಮರಳಿದನೆಂದು ಕೇಳಿದೆ. ಮೇಲೆ ಬರಲಿಲ್ಲ. ಪ್ರೂಫ್‌ಗಳನ್ನು ಅಕ್ಕನೇ ತಂದುಕೊಡುತ್ತಿದ್ದರು. "ಚೆನ್ನಾಗಿದ್ದಾನೆ, ಎರಡು ತಟ್ಟೆ ಊಟ ಮಾಡ್ತಾನೆ," ಎಂದು ಅವರು ಹೇಳಿದಾಗ ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಪರದೆಯ ಕಪ್ಪು ಈಗ ಬೂದು ಬಣ್ಣವಾಗಿತ್ತು. ಆದರೆ ಪ್ರೂಫ್ ಪಕ್ಕದಲ್ಲಿಟ್ಟು ನೋಡಿದರೆ ಎರಡರ ಬಣ್ಣವೂ ತಾಳೆಯಾಗುತ್ತಿತ್ತು. ಮಂಕುರಾಯ ಹೇಳಿದ್ದೇ ಸರಿ. ಅದೊಂದು ಸಿಟ್ಟು ಬೇರೆ.

"ತಿರುಗಿ ನೋಡಿ."

ಒಂದು ಮಧ್ಯಾಹ್ನ ಬೆನ್ನ ಹಿಂದೆ ಈ ದನಿ ಕೇಳಿ ಬೆಚ್ಚಿಬಿದ್ದೆ. ಮ್ಯಾಟ್ ಪರದೆಯಲ್ಲಿ ಏನೂ ಕಂಡಿರಲಿಲ್ಲ. ತಿರುಗಿದರೆ, ಬೂದು ಕೋಟಿಲ್ಲದೆ, ಗಿಳಿಹಸಿರು ಅಂಗಿಯಲ್ಲಿ ಅವನು ನಿಂತಿದ್ದ. ಕೈಯಲ್ಲಿ ಕಾಗದವಿರಲಿಲ್ಲ. ಕಣ್ಣು ನೇರವಾಗಿ ನನ್ನ ಕಣ್ಣಲ್ಲಿತ್ತು.

"ಕೋಟು ಎಲ್ಲಿ?" ಎಂದೆ. ಬಾಯಿಗೆ ಬಂದದ್ದು ಅದೇ.

"ಇನ್ನು ಯಾವ ಬಣ್ಣ ಹಾಕಿದ್ರೂ ಆ ಪರದೆಯಲ್ಲಿ ಕಾಣಲ್ವಲ್ಲ." ಅಂಗಿಯ ಅಂಚು ಜಗ್ಗಿ ಸರಿಮಾಡಿಕೊಂಡ. "ಕೆಳಗೆ ನಿಂತಿದ್ರೂ ನಿಮ್ಮ ಬೆನ್ನ ಹಿಂದೆ ಬಂದುಬಿಡ್ತಿದ್ದೆ. ಹೇಗೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಗಾಜಲ್ಲಿ ನೀವು ನನ್ನನ್ನೇ ನೋಡ್ತಿದ್ರಿ. ಒಂದು ದಿನ ಎಲ್ಲಾ ಬೆಳ್ಳಗಾಯ್ತು. 'ಹೋಗಿ' ಅಂದ್ರಿ."

"ನಿಮ್ಮ ಕೈ ಉಳೀಲಿ ಅಂತ."

"ಅದೂ ಕೇಳಿಸ್ತು. ಇಷ್ಟು ದಿನ ಬೇಕಾಯ್ತು ಧೈರ್ಯ ಮಾಡಿ ಮೆಟ್ಟಿಲು ಹತ್ತೋಕೆ." ಖಾಲಿ ಕೈಗಳನ್ನು ತೋರಿಸಿದ. "ನೀವಂದ್ರೆ ನನಗೆ ತುಂಬಾ ಇಷ್ಟ. ಕಾಗದ ಇಲ್ದೇ ಹೇಳ್ತಿದ್ದೀನಿ, ನೋಡಿ."

ನಗು, ಅಳು ಎರಡೂ ಒಟ್ಟಿಗೆ ನುಗ್ಗಿದವು. ಅದನ್ನು ಅವನು ನೋಡಬಾರದೆಂದು ಪರದೆಯ ಕಡೆ ತಿರುಗಿ ಕೂತೆ.

"ಯಾಕೆ, ನಿಮಗೆ..." ಎಂದು ಅವನು ಅರ್ಧಕ್ಕೇ ನಿಲ್ಲಿಸಿದ.

"ಇಷ್ಟ ಇಲ್ದೇನಾ ಮಾರಾಯ್ರೇ ಅಷ್ಟು ಹೊತ್ತು ಮೂಗು ಒರೆಸಿದ್ದು?"

ಹಿಂದೆ ಅವನು ನಕ್ಕದ್ದು ಕೇಳಿಸಿತು. ಈ ಸಲ ನಗುವಿಗೆ ಸದ್ದಿತ್ತು. ಅವನು ಇನ್ನೂ ದೂರದಲ್ಲಿ, ಹೊಸ್ತಿಲ ಹತ್ತಿರವೇ ಇದ್ದ.

ಆಗ ಬಲಗಡೆಯ ಬೆರಳಗಲದ ಗಾಜಿನ ಮೇಲೆ ನನ್ನ ಕಣ್ಣು ಬಿತ್ತು. ಅದರಲ್ಲಿ ನನ್ನ ಭುಜ ಕಾಣುತ್ತಿತ್ತು. ಭುಜದ ಮೇಲೆ ಅವನ ಕೈ ಆಗಲೇ ಇತ್ತು.

ನಾನು ತಿರುಗಲಿಲ್ಲ, ಅಲುಗಾಡಲೂ ಇಲ್ಲ. ಹಿಂದಿನಿಂದ ಬರುತ್ತಿದ್ದ ಹೆಜ್ಜೆ ಸದ್ದನ್ನು ಕೇಳುತ್ತ ಕೂತೆ. ಹೆಜ್ಜೆ ನನ್ನ ಕುರ್ಚಿಯ ಹತ್ತಿರ ನಿಂತಿತು.

ಕೈ ಬಂತು. ಬೆಚ್ಚಗಿತ್ತು.